ಮುತ್ತಲ ಹೂವಿನ ಮೇಲೆ ಜೋಳದ ಹಕ್ಕಿ

ಯುಗಾದಿಗೆ ಇನ್ನೂ ಎಂಟು ದಿನ ಇತ್ತು. ಬೆಳಗಿನ ಜಾವ ಮೂರೂವರೆಗೆ ಕಲಬುರಗಿ ಬಿಟ್ಟೆವು. ಕಾರಿನಲ್ಲಿ ನಾನು, ಅಪ್ಪ, ಹಿಂದಿನ ಸೀಟಿನ ಮೇಲೆ ರೊಟ್ಟಿಯ ಗಂಟು, ಎರಡು ಕ್ಯಾನ್ ನೀರು. ಚಿಂಚೋಳಿ ಇಲ್ಲಿಂದ ಸುಮಾರು 85 ಕಿಲೋಮೀಟರ್. ಮಹಾಗಾಂವ ಕ್ರಾಸ್ ದಾಟುವ ತನಕ ಅಪ್ಪ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದ, "ಹಕ್ಕಿ ನೋಡ್ಲಾಕ ಇಷ್ಟ ದೂರ ಯಾಕ ಹೋಗಬೇಕವ್ವಾ? ನಮ್ಮ ಹೊಲದಾಗ ಏನ್ ಕಡಿಮಿ ಅದಾವ?"

ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಪ್ಪನಿಗೆ ಈಗ 72. ಐವತ್ತು ವರ್ಷ ಹಿಂಗಾರಿ ಜೋಳ ಬೆಳೆದಿದ್ದಾನೆ. ಹಕ್ಕಿ ಅಂದರೆ ಅವನಿಗೆ ಮೊದಲು ಕಣ್ಣಿಗೆ ಬರುವುದು ಕಾಳಿಲ್ಲದ ತೆನೆ.

ನನಗೂ ಹಾಗೇ ಇತ್ತು. ಜನವರಿಯಲ್ಲಿ ತೆನೆಗೆ ಹಾಲುಗಾಳು ಕಟ್ಟುವ ಹೊತ್ತಿಗೆ ಶಾಲೆ ಬಿಟ್ಟ ಕೂಡಲೇ ಹೊಲಕ್ಕೆ ಓಡಬೇಕು. ಭಾನುವಾರ ಆದರೆ ಹೊತ್ತು ಹುಟ್ಟುವ ಮೊದಲೇ. ಹೊಲದ ನಡುವೆ ನಾಲ್ಕು ಗಳ ನೆಟ್ಟು ಕಟ್ಟಿದ ಅಟ್ಟಣಿಗೆ. ಅದರ ಮೇಲೆ ನಾನು ಮತ್ತು ನಮ್ಮಣ್ಣ. ಅವನ ಕೈಯಲ್ಲಿ ಕವಣೆ, ನನ್ನ ಕೈಯಲ್ಲಿ ಎಣ್ಣೆಯ ಖಾಲಿ ಡಬ್ಬಿ. ಎರೆಹೊಲದಲ್ಲಿ ಕಲ್ಲು ಸಿಗುವುದಿಲ್ಲ. ಒಣಗಿದ ಮಣ್ಣಿನ ಹೆಂಟೆಗಳನ್ನೇ ಆರಿಸಿ ಅಟ್ಟಣಿಗೆಯ ಮೇಲೆ ಗುಡ್ಡೆ ಹಾಕಿಕೊಳ್ಳುತ್ತಿದ್ದೆವು. ಹಕ್ಕಿ ಬರುವ ಮೊದಲು ಸದ್ದು ಬರುತ್ತಿತ್ತು. ದೂರದಲ್ಲಿ ಯಾರೋ ಚೀಲದಿಂದ ಕಾಳು ಸುರಿದ ಹಾಗೆ. ತಲೆ ಎತ್ತುವಷ್ಟರಲ್ಲಿ ಆಕಾಶದ ಒಂದು ಮೂಲೆ ಕಪ್ಪಾಗಿ, ಮಡಚಿ, ಬಿಚ್ಚಿ, ಹೊಲದ ಮೇಲೆ ಬಿದ್ದುಬಿಡುತ್ತಿತ್ತು. ನಾವು ಹೋ ಎಂದು ಕೂಗುತ್ತಿದ್ದೆವು. ಡಬ್ಬಿ ಬಡಿದು ಬಡಿದು ಅಂಗೈ ಕೆಂಪಾಗುತ್ತಿತ್ತು. ಈ ಕಡೆ ಎದ್ದದ್ದು ಆ ಕಡೆ ಇಳಿಯುತ್ತಿತ್ತು.

ಹೀಗೆ ಎಂಟೋ ಒಂಬತ್ತೋ ಚಳಿಗಾಲ ಕಳೆದೆ. ಅಷ್ಟೂ ದಿನ ಆ ಹಕ್ಕಿಯ ಬಣ್ಣ ಯಾವುದು ಅಂತ ನನಗೆ ಗೊತ್ತಿರಲಿಲ್ಲ. ಓಡಿಸುವಾಗ ಗುಂಪು ಕಾಣುತ್ತದೆ, ಹಕ್ಕಿ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಇದ್ದದ್ದು ಒಂದೇ ಹೆಸರು, ಜೋಳದ ಹಕ್ಕಿ. ಮಹಾರಾಷ್ಟ್ರದ ಕಡೆಯ ನಮ್ಮ ನೆಂಟರು ಭೋರಡಿ ಅನ್ನುತ್ತಾರೆ. ಪುಸ್ತಕದಲ್ಲಿ ಗುಲಾಬಿ ಕಬ್ಬಕ್ಕಿ ಅಂತ ಓದಿದ್ದು ತುಂಬಾ ತಡವಾಗಿ. ಆಗ ನಾನು ಕಲಬುರಗಿಯಲ್ಲಿ ಟೀಚರ್ ಆಗಿ ಹತ್ತು ವರ್ಷ ಆಗಿತ್ತು. ಜೊತೆಗೆ ಕೆಲಸ ಮಾಡುವ ಟೀಚರ್ ಒಬ್ಬರು ಶಾಲೆಯ ಹಿಂದಿನ ಮರದ ಹತ್ತಿರ ಕರೆದು ಬೈನಾಕ್ಯುಲರ್ ಕೊಟ್ಟರು. ಕಪ್ಪು ತಲೆ, ಕಪ್ಪು ರೆಕ್ಕೆ, ನಡುವೆ ಗುಲಾಬಿ ಮೈ. ಇಷ್ಟು ಚೆಂದದ ಹಕ್ಕಿ ಯಾವುದು ಅಂತ ಕೇಳಿದೆ. ಅವರು ಹೇಳಿದ ಮೇಲೆ ತುಂಬಾ ಹೊತ್ತು ಮಾತೇ ಬರಲಿಲ್ಲ.

ಅದನ್ನು ಅಪ್ಪನಿಗೆ ಒಮ್ಮೆ ತೋರಿಸಬೇಕು ಅಂತ ಅವತ್ತಿನಿಂದ ಇತ್ತು. ಹೊಲದಲ್ಲಿ ತೋರಿಸಲು ಆಗುವುದಿಲ್ಲ. ಅಲ್ಲಿ ಅಪ್ಪನ ಕೈ ತಾನಾಗೇ ಡಬ್ಬಿಗೆ ಹೋಗುತ್ತದೆ. ಹಕ್ಕಿ ಬೇರೆ ಕೆಲಸದಲ್ಲಿರುವಾಗ, ಜೋಳವಿಲ್ಲದ ಜಾಗದಲ್ಲಿ ತೋರಿಸಬೇಕಿತ್ತು.

ಚಿಂಚೋಳಿ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದರು. ವಿಸ್ತೀರ್ಣ 134.88 ಚದರ ಕಿಲೋಮೀಟರ್. ತೆಲಂಗಾಣದ ಗಡಿಗೆ ಅಂಟಿಕೊಂಡಿದೆ. ಕುಂಚಾವರಂ ಕಡೆ ಹೋದರೆ ಕಿವಿಗೆ ತೆಲುಗು ಬೀಳುತ್ತದೆ, ತಾಂಡಾಗಳಲ್ಲಿ ಲಂಬಾಣಿ ಮಾತು, ಚಹಾದ ಅಂಗಡಿಯಲ್ಲಿ ದಖನಿ ಉರ್ದು, ಎಲ್ಲದರ ನಡುವೆ ನಮ್ಮ ಕನ್ನಡ. ಮಲೆನಾಡಿನ ಕಾಡು ನೋಡಿದವರು ಇಲ್ಲಿಗೆ ಬಂದರೆ ಮೊದಲು ನಿರಾಸೆಯಾಗುತ್ತಾರೆ. ಒಣ ಸೀಮೆಯ ಕಾಡು ಇದು. ಬೇಸಿಗೆ ಬರುವ ಮೊದಲೇ ಎಲೆ ಉದುರಿಸಿಬಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾಡು ಇದೆ ಅಂದರೆ ನಮ್ಮವರೇ ನಂಬುವುದಿಲ್ಲ. ಬಿಸಿಲು, ತೊಗರಿ, ಸಿಮೆಂಟ್ ಇಷ್ಟೇ ಅಲ್ವಾ ಅನ್ನುತ್ತಾರೆ. ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ ಓಡಾಡುವ ನೆಲವನ್ನು ಪಕ್ಕದಲ್ಲೇ ಇಟ್ಟುಕೊಂಡು ನಮ್ಮಲ್ಲಿ ಏನೂ ಇಲ್ಲ ಅಂದುಕೊಂಡು ಬದುಕುತ್ತೇವೆ. ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1931–32ರಲ್ಲೇ, ಸಲೀಂ ಅಲಿ ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರು. ನಾನು ಓದಿದ ಯಾವ ಪಾಠದಲ್ಲೂ ಆ ಸಂಗತಿ ಇರಲಿಲ್ಲ. ನನ್ನ ಮಕ್ಕಳಿಗೆ, ಅಂದರೆ ಶಾಲೆಯ ಮಕ್ಕಳಿಗೆ, ಈಗ ನಾನು ಹೇಳುತ್ತೇನೆ.

ಗೇಟಿನ ಹತ್ತಿರ ವಾಚರ್ ಕಾಯುತ್ತಿದ್ದರು. ಹತ್ತಿರದ ತಾಂಡಾದವರು, ನಾಲ್ಕು ವರ್ಷದಿಂದ ನನಗೆ ಪರಿಚಯ. ನಾನು ಅವರಿಗೆ ಕಾಕಾ ಅನ್ನುತ್ತೇನೆ. ಅವರು ಅಪ್ಪನಿಗೆ ಕೈ ಮುಗಿದು ಮೊದಲು ಹೇಳಿದ ಮಾತೇ, "ಮುತ್ಯಾ, ಬೀಡಿ ಇದ್ರ ಇಲ್ಲೇ ಇಡ್ರಿ. ಎಲಿ ಒಣಗ್ಯಾವ. ಒಂದ್ ಕಿಡಿ ಸಾಕು." ಅಪ್ಪ ತಕರಾರಿಲ್ಲದೆ ಜೇಬಿನಿಂದ ಬೀಡಿಕಟ್ಟು, ಕಡ್ಡಿಪೆಟ್ಟಿಗೆ ತೆಗೆದು ಕೊಟ್ಟ. ಬಣವೆಗೆ ಬೆಂಕಿ ಬಿದ್ದದ್ದು ನೋಡಿದವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಕತ್ತಲೆ. ದಾರಿಯ ಮೇಲೆ ಎರಡು ಕೆಂಡದ ಚುಕ್ಕಿ ಕಂಡವು. ನತ್ತಿಂಗ, ಇರುಳಿನ ಹಕ್ಕಿ. ಹೆಡ್‌ಲೈಟ್ ಬೆಳಕಿಗೆ ಅದರ ಕಣ್ಣು ಹಾಗೆ ಹೊಳೆಯುತ್ತದೆ. ಹತ್ತಿರ ಹೋದಾಗ ಸದ್ದಿಲ್ಲದೆ ಎದ್ದು ಪೊದೆಯ ಹಿಂದೆ ಹೋಯಿತು. ಕಾರು ನಿಲ್ಲಿಸಿ ಸುಮ್ನೆ ನಿಂತೆವು. ನಿಧಾನಕ್ಕೆ ಒಂದೊಂದೇ ದನಿ ಶುರುವಾದವು. ನವಿಲು ಮೊದಲು. ಆಮೇಲೆ ಕೋಗಿಲೆ. ಆಮೇಲೆ ಕೋಗಿಲೆ ಚಾಣ, ಮೆಟ್ಟಿಲು ಹತ್ತಿದ ಹಾಗೆ ದನಿ ಏರಿಸುತ್ತಾ ಹೋಗಿ ತುದಿಯಲ್ಲಿ ಕಿತ್ತುಕೊಂಡು ಬಿಡುವ ಹಕ್ಕಿ. ಎಲ್ಲೋ ಕೆಂಬೂತದ ಗುಂಯ್‌ಗುಂಯ್. ಬಿಸಿಲು ಕಾಣುವ ಮೊದಲೇ ಕಂಚುಕುಟಿಗ ತನ್ನ ಕೆಲಸ ಹಚ್ಚಿಕೊಂಡಿತು, ಟುಕ್ ಟುಕ್ ಟುಕ್ ಅಂತ.

"ಗೌಜಲಕ್ಕಿ," ಅಂದ ಅಪ್ಪ. ನನಗೆ ಕೇಳಿಸಿರಲಿಲ್ಲ. ಅವನು ಬಾಯಿಗೆ ಕೈ ಅಡ್ಡ ಇಟ್ಟು ಅದೇ ದನಿಯಲ್ಲಿ ಕೂಗಿದ. ಎಡಗಡೆಯ ಕುರುಚಲಿನಿಂದ ಉತ್ತರ ಬಂತು. ಮತ್ತೆ ಕೂಗಿದ, ಮತ್ತೆ ಬಂತು. ಕಾಕಾ ನಕ್ಕರು. ನಾನು ಪುಸ್ತಕ ಹಿಡಿದು ಕಲಿತದ್ದನ್ನು ಅಪ್ಪ ಕಿವಿಯಿಂದ, ಹೊಲದ ಬದುವಿನಿಂದ ಕಲಿತಿದ್ದಾನೆ. ಬೆಳಕು ಹರಿಯುವಷ್ಟರಲ್ಲಿ ದೂಳಿನ ಮೇಲಿನ ಹೆಜ್ಜೆ ನೋಡಿ ಇದು ನವಿಲು, ಇದು ಬೆಳವ, ಇದು ಮುಂಗುಸಿ ಅಂತ ಹೇಳಿದ. ಅವನಿಗೆ ಗೊತ್ತಿರದ್ದು ಹತ್ತಿರದಿಂದ ನೋಡಿದ ಬಣ್ಣ ಮಾತ್ರ.

ಸಾಗವಾನಿ ಮರಗಳೆಲ್ಲ ಬೋಳು. ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಈ ಬೋಳುತನದ ಬಗ್ಗೆ ಒಂದು ಮಾತು ಹೇಳಬೇಕು. ಹಕ್ಕಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮಳೆಗಾಲದಲ್ಲಿ ಎಲೆಯ ಹಿಂದೆ ದನಿ ಕೇಳಿ ಕೇಳಿ ಕತ್ತು ನೋಯುತ್ತದೆ. ಮಾರ್ಚ್‌ನಲ್ಲಿ ಎಲ್ಲ ಬಯಲು. ಬೂದು ಬಣ್ಣದ ಕೊಂಬೆಯ ಮೇಲೆ ಹೊನ್ನಕ್ಕಿ ಬಂದು ಕೂತರೆ ಅರ್ಧ ಫರ್ಲಾಂಗ್ ದೂರದಿಂದಲೇ ಗೊತ್ತಾಗುತ್ತದೆ. ಮರಕುಟಿಗ ಕಾಂಡ ಸುತ್ತಿ ಹತ್ತುವುದು, ಕಾಜಾಣ ಹಾರಿ ಹುಳ ಹಿಡಿದು ಅದೇ ಕೊಂಬೆಗೆ ವಾಪಸ್ ಬರುವುದು, ಎಲ್ಲ ಕಣ್ಣೆದುರಿಗೇ. ಪಠ್ಯಪುಸ್ತಕದ ವಸಂತ ಚಿಗುರು ಹೊದ್ದು ಬರುತ್ತಿತ್ತು. ನಮ್ಮದು ಎಲೆ ಕಳಚಿಟ್ಟು ಬರುತ್ತದೆ, ಮೊದಲು ಹೂವು, ಆಮೇಲೆ ಎಲೆ.

ಏಳು ಗಂಟೆಯ ಹೊತ್ತಿಗೆ ಚಂದ್ರಂಪಳ್ಳಿ ಡ್ಯಾಮಿನ ಹಿನ್ನೀರಿನ ಮೇಲ್ಭಾಗಕ್ಕೆ ಬಂದೆವು. ಅಲ್ಲಿ ಒಂದು ಇಳಿಜಾರಿದೆ. ಅದರ ತುಂಬ ಮುತ್ತಲ ಗಿಡ. ಮೈಸೂರು ಕಡೆಯವರು ಮುತ್ತುಗ ಅನ್ನುತ್ತಾರೆ. ನಾವು ಅದರ ಎಲೆಯಲ್ಲಿ ಪತ್ರಾವಳಿ ಹಚ್ಚುತ್ತಿದ್ದೆವು, ಹೂವು ಕುದಿಸಿ ಹೋಳಿಯ ಬಣ್ಣ ಮಾಡುತ್ತಿದ್ದೆವು. ಆವತ್ತು ಒಂದು ಗಿಡದಲ್ಲೂ ಎಲೆ ಇರಲಿಲ್ಲ. ಕೊಂಬೆ ಕೊಂಬೆಗೆ ಹೂವು ಮೆತ್ತಿಕೊಂಡಿತ್ತು. ಎಳೆಬಿಸಿಲಲ್ಲಿ ಇದ್ದಲಿ ಊದಿದ ಹಾಗೆ ಕಾಣುವ ಕೆಂಪು.

ಬಿದ್ದ ಹೂವು ಒಂದನ್ನು ಎತ್ತಿ ಅಪ್ಪನ ಅಂಗೈ ಮೇಲಿಟ್ಟೆ. ಹೊರಗೆ ಕಪ್ಪು ಮಖಮಲ್ಲಿನಂಥ ತೊಟ್ಟಿನ ಬಟ್ಟಲು. ಅದರಿಂದ ಗಿಳಿಯ ಕೊಕ್ಕಿನ ಹಾಗೆ ಬಾಗಿದ ಎಸಳು. ಮೂಗಿಗೆ ಹಿಡಿದರೆ ವಾಸನೆ ಇಲ್ಲ. ಇರಬೇಕಾಗಿಯೂ ಇಲ್ಲ. ಈ ಹೂವು ಕರೆಯುವುದು ಹಕ್ಕಿಯನ್ನು. ಹಕ್ಕಿ ಬಣ್ಣ ನೋಡಿ ಬರುತ್ತದೆ. ಬುಡದಲ್ಲಿ ಸಿಹಿ ನೀರು ಇರುತ್ತದೆ. ಕೊಕ್ಕಿನ ಆಕಾರದ ಆ ಎಸಳಿನ ಒಳಗೆ ಕೇಸರಗಳು ಮಡಚಿ ಕೂತಿರುತ್ತವೆ. ಸಿಹಿ ಕುಡಿಯಲು ಹಕ್ಕಿ ತಲೆ ತುರುಕಿದಾಗ ಎಸಳು ಹಿಂದೆ ಸರಿದು, ಕೇಸರ ಹೊರಗೆ ಬಂದು, ಅದರ ಹಣೆಗೋ ಗಂಟಲಿಗೋ ಹಳದಿ ಪುಡಿ ಮೆತ್ತುತ್ತದೆ. ಮುಂದಿನ ಗಿಡಕ್ಕೆ ಹೋದಾಗ ಅಲ್ಲಿ ಒರೆಸಿಕೊಳ್ಳುತ್ತದೆ. ಬೀಜ ಕಟ್ಟುವುದು ಹೀಗೆ. ಅಪ್ಪ ಬೆರಳ ತುದಿಯಿಂದ ಎಸಳು ಒತ್ತಿ ನೋಡಿದ. ಕೇಸರ ಹೊರಗೆ ಬಂತು. ಬೆರಳು ಹಳದಿಯಾಯಿತು. ಮತ್ತೊಂದು ಹೂವು ಎತ್ತಿಕೊಂಡು ಅದನ್ನೂ ಒತ್ತಿ ನೋಡಿದ.

ಗಿಡಗಳ ಮೇಲೆ ಸಂತೆಯ ಗದ್ದಲ. ಗಂಡು ಸೂರಕ್ಕಿ ಮೈಯೆಲ್ಲ ಮಿರುಗುವ ಕಪ್ಪು-ನೇರಳೆ, ತನ್ನ ಗಿಡಕ್ಕೆ ಬಂದ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಹರಟೆಮಲ್ಲಗಳು ಏಳೆಂಟು ಒಟ್ಟಿಗೆ. ಪಿಕಳಾರ, ಮಟಪಕ್ಷಿ, ಕಾಜಾಣ. ಕೆಂಪು-ನೀಲಿ ತಲೆಯ ಗಿಳಿಗಳು ಹೂವನ್ನೇ ಕಿತ್ತು ಬುಡ ಕಚ್ಚಿ ಎಸೆಯುತ್ತಿದ್ದವು, ಕೆಳಗೆಲ್ಲ ಎಸಳು. ಅಳಿಲು ಬೇರೆ. ನಾನು ಒಂದೊಂದನ್ನೇ ತೋರಿಸುತ್ತಾ, ಒಳಗೊಳಗೆ ಅವು ಬಾರದೇ ಹೋದರೆ ಏನು ಮಾಡಲಿ ಅಂತ ಹೆದರುತ್ತಿದ್ದೆ. ಜೋಳದ ರಾಶಿ ಮುಗಿದ ಮೇಲೆ ಅವು ಹೂವಿನ ಗಿಡಗಳಿಗೆ ಬರುತ್ತವೆ. ಆದರೆ ಇಂಥ ದಿನ ಇಂಥ ಗಿಡಕ್ಕೆ ಅಂತ ಹೇಳಲು ಬರುವುದಿಲ್ಲ.

ಮೊದಲು ಸದ್ದು ಬಂತು. ಚೀಲದಿಂದ ಕಾಳು ಸುರಿದ ಹಾಗೆ. ಅಪ್ಪ ಗಕ್ಕನೆ ತಿರುಗಿದ. ಅವನ ಬಲಗೈ ತಾನಾಗೇ ಮೇಲೆ ಹೋದದ್ದನ್ನು ನಾನು ನೋಡಿದೆ.

"ಅವೇ," ಅಂದ.

ಇನ್ನೂರು ಇರಬಹುದು. ಹಿನ್ನೀರಿನ ಕಡೆಯಿಂದ ಬಂದು, ಒಮ್ಮೆ ಸುತ್ತಿ, ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದ ಗಿಡಗಳಿಗೆ ಇಳಿದವು. ಒಂದು ಕ್ಷಣ ಕೆಂಪೇ ಕಾಣಲಿಲ್ಲ. ಕಾಕಾ ಅಪ್ಪನ ಕೈ ಹಿಡಿದು ಕಲ್ಲಿನ ಮೇಲೆ ಕೂರಿಸಿದರು. ನಾನು ಬೈನಾಕ್ಯುಲರ್ ಅವನ ಕೊರಳಿಗೆ ಹಾಕಿ, ಕಣ್ಣಿಗೆ ಹೊಂದಿಸಿ, ಒಂದೇ ಹಕ್ಕಿಯನ್ನು ಹಿಡಿದು ನೋಡು, ಗುಂಪು ಬಿಡು, ಅಂದೆ.

ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಪಿಸುದನಿಯಲ್ಲಿ, "ಯವ್ವಾ, ಇದರ ತಲಿ ಮ್ಯಾಲ ಜುಟ್ಟ ಅದ."

ಐವತ್ತು ವರ್ಷ ಓಡಿಸಿದ ಹಕ್ಕಿಯ ಜುಟ್ಟು ಅವನು ಅವತ್ತು ನೋಡಿದ.

ದುರ್ಬೀನು ಕೆಳಗಿಳಿಸಲೇ ಇಲ್ಲ. ನೋಡಿದ್ದನ್ನೆಲ್ಲ ಹೇಳುತ್ತಾ ಹೋದ. ಕಾಲು ನಸುಗೆಂಪು ಅದಾವ. ಹಣಿ ಮ್ಯಾಲ ಅರಿಷಿಣ ಹಚ್ಚಿದಂಗ ಅದ. ಅದು ಹೂವಿನ ಪುಡಿ ಅಪ್ಪ, ಅಂದೆ. ನನಗೆ ಗೊತ್ತಾತು, ಅಂದ, ತನ್ನ ಹಳದಿ ಬೆರಳು ತೋರಿಸಿ. ಕೆಲವು ಮಾಸಿದ ಮಣ್ಣಿನ ಬಣ್ಣ ಅದಾವ, ಯಾಕ? ಅವು ಕಳೆದ ವರ್ಷದ ಮರಿಗಳು. ದೊಡ್ಡವಕ್ಕೂ ಚಳಿಗಾಲದಲ್ಲಿ ಬಣ್ಣ ಮಂಕಾಗಿಯೇ ಇರುತ್ತದೆ. ಹೊಸ ಗರಿಯ ಅಂಚಿಗೆ ಕಂದು ಕರೆ ಇರುತ್ತದೆ. ದಿನ ಕಳೆದ ಹಾಗೆ ಆ ಅಂಚು ಸವೆದು ಉದುರಿ ಒಳಗಿನ ಗುಲಾಬಿ ಹೊರಗೆ ಬರುತ್ತದೆ. ಗರಿ ಹೊಸದಾಗಿ ಹುಟ್ಟಿ ಬರುವ ಬಣ್ಣ ಅಲ್ಲ ಅದು, ಸವೆದು ಬರುವ ಬಣ್ಣ. ಇದನ್ನು ಕೇಳಿ ಅಪ್ಪ ದುರ್ಬೀನು ಇಳಿಸಿ ನನ್ನ ಮುಖ ನೋಡಿದ. "ಅದಕ್ಕ ಹೊಲದಾಗ ಇದ್ದಾಗ ಹಿಂಗ ಕಾಣ್ತಿದ್ದಿಲ್ಲ."

ಎಲ್ಲಿಂದ ಬರುತ್ತವೆ ಅಂತ ಕೇಳಿದ. ಹೇಳಿದೆ. ಇಲ್ಲಿ ಅವು ಗೂಡು ಕಟ್ಟುವುದಿಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಬರಲು ಶುರು ಮಾಡಿ ಏಪ್ರಿಲ್ ನಡುವಿನೊಳಗೆ ಹೊರಟುಬಿಡುತ್ತವೆ. ಪೂರ್ವ ಯುರೋಪಿನಿಂದ ಕಜಕಸ್ತಾನ, ಚೀನಾದ ಪಶ್ಚಿಮದ ತನಕ ಹಬ್ಬಿರುವ ಹುಲ್ಲುಗಾವಲು ಅವುಗಳ ತವರು. ಅಲ್ಲಿ ಮೇ, ಜೂನ್ ತಿಂಗಳಲ್ಲಿ ಕಲ್ಲಿನ ಸಂದಿಗಳಲ್ಲಿ ಸಾವಿರಗಟ್ಟಲೆ ಒಟ್ಟಿಗೆ ಗೂಡು ಮಾಡುತ್ತವೆ. ಗೊರವಂಕಕ್ಕಿಂತ ಸ್ವಲ್ಪ ಚಿಕ್ಕ ಹಕ್ಕಿ, ಇಷ್ಟು ದೂರ ಹಾರಿಹೋಗುತ್ತದೆ.

"ಅಲ್ಲಿ ಜ್ವಾಳ ಬೆಳೀತಾರೇನು?"

"ಇಲ್ಲಪ್ಪ. ಅಲ್ಲಿ ಮರಿಗೆ ಮಿಡತೆ ತಿನ್ನಿಸ್ತಾವ. ಮಿಡತೆ ಎಲ್ಲಿ ಜಾಸ್ತಿ ಇರ್ತದೋ ಅಲ್ಲೇ ಗೂಡು."

ಆಮೇಲೆ ಚೀನಾದ ಶಿಂಜಿಯಾಂಗ್‌ನ ವಿಷಯ ಹೇಳಿದೆ. ಅಲ್ಲಿ ಹುಲ್ಲುಗಾವಲಿಗೆ ಮಿಡತೆ ಕಾಟ. 1980ರ ದಶಕದಿಂದ ಈ ಹಕ್ಕಿ ಬಂದು ಗೂಡು ಕಟ್ಟಲಿ ಅಂತಲೇ ಜನ ಕಲ್ಲು ಪೇರಿಸಿ, ಇಟ್ಟಿಗೆಯ ಗೂಡು ಮಾಡಿ ಇಡುತ್ತಾರೆ. ಔಷಧಿ ಹೊಡೆಯುವ ಬದಲು ಹಕ್ಕಿಯನ್ನು ಕರೆಯುತ್ತಾರೆ. ಅಪ್ಪನಿಗೆ ಇದು ನಂಬಲು ಕಷ್ಟವಾಯಿತು. ಮನೆ ಕಟ್ಟಿ ಕರೀತಾರಾ? ಹೌದು ಅಪ್ಪ. ಅವನು ಮತ್ತೆ ಗಿಡದ ಕಡೆ ತಿರುಗಿದ. "ನಾವು ಡಬ್ಬಿ ಬಡದು ಕಳಿಸ್ತೀವಿ. ಅವರು ಕರದು ಕೂಡಿಸ್ತಾರ. ಹಕ್ಕಿ ಒಂದೇ."

ನಾನು ಅಪ್ಪನಿಗೆ ಓಡಿಸಬೇಡ ಅಂತ ಹೇಳಲಿಲ್ಲ. ಹೇಳುವ ಹಕ್ಕು ನನಗಿಲ್ಲ. ತಿಂಗಳ ಸಂಬಳ ಬರುವವಳು ನಾನು. ಒಂದು ಗುಂಪು ಒಂದು ಬೆಳಗ್ಗೆ ಇಳಿದು ಎದ್ದರೆ ಬದುವಿನ ಕಡೆಯ ಸಾಲುಗಳಲ್ಲಿ ಬರೀ ದಂಟು ಉಳಿಯುತ್ತದೆ. ಅದು ನಮ್ಮ ವರ್ಷದ ರೊಟ್ಟಿ. ಆದರೆ ಇನ್ನೊಂದು ಮಾತು ನನ್ನನ್ನು ಕಾಡುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಹೊಲದ ಬದುವಿನಲ್ಲೇ ಮೂರು ಮುತ್ತಲ ಗಿಡ ಇದ್ದವು. ಹಳ್ಳದ ದಂಡೆಗೆ ಇನ್ನಷ್ಟು. ಪತ್ರಾವಳಿಯ ಬದಲು ಪೇಪರ್ ತಟ್ಟೆ ಬಂತು, ಹೋಳಿಗೆ ಪ್ಯಾಕೆಟ್ ಬಣ್ಣ ಬಂತು, ಟ್ರ್ಯಾಕ್ಟರ್ ತಿರುಗಲು ಜಾಗ ಬೇಕಾಯಿತು. ಮೂರೂ ಹೋದವು. ಕಡಿದದ್ದು ನಾವೇ. ರಾಶಿ ಮುಗಿದ ಮೇಲೆ, ದೂರದ ಹಾದಿ ಹಿಡಿಯುವ ಮೊದಲು, ಈ ಹಕ್ಕಿ ಮೈಗೆ ಕಸುವು ತುಂಬಿಕೊಳ್ಳುವುದು ಇಂಥ ಹೂವಿನ ಮೇಲೆ. ಹೊಲದ ಬದು ಬೋಳಾದಷ್ಟೂ ಇಂಥ ಕಾಡಿನ ಇಳಿಜಾರು ಅದಕ್ಕೆ ಮುಖ್ಯವಾಗುತ್ತದೆ. ಇದನ್ನು ಅಪ್ಪನಿಗೆ ಹೇಳಿದಾಗ ಅವನು ಬದುವಿನ ಆ ಮೂರು ಗಿಡ ಎಲ್ಲಿದ್ದವು ಅಂತ ಒಂದೊಂದಾಗಿ ನೆನಪು ಮಾಡಿಕೊಂಡ. ಬಾವಿಯ ಹತ್ತಿರದ್ದರಲ್ಲಿ ಹೂವು ಜಾಸ್ತಿ ಬರ್ತಿತ್ತು, ಅಂದ.

ಹಕ್ಕಿಗಳು ಮುಕ್ಕಾಲು ಗಂಟೆ ಇದ್ದವು. ಯಾವ ಕಾರಣಕ್ಕೋ ಎಲ್ಲ ಒಟ್ಟಿಗೆ ಎದ್ದು ಹೋದವು. ಗಿಡ ಮತ್ತೆ ಕೆಂಪಾಯಿತು.

ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟಲು ಶುರುವಾಯಿತು, ದನಿಗಳು ನಿಂತವು. ನೀರಿನ ಹತ್ತಿರ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ. ಕಾಕಾ ತಮ್ಮ ತಾಂಡಾದ ಮಕ್ಕಳ ಶಾಲೆಯ ವಿಷಯ ಹೇಳಿದರು. ದಂಡೆಯಲ್ಲಿ ಬೆಳ್ಳಕ್ಕಿ, ಟಿಟ್ಟಿಭ, ಒಂದು ಮಿಂಚುಳ್ಳಿ. ಹೆಚ್ಚು ಏನೂ ನೋಡಲಿಲ್ಲ, ಅಪ್ಪ ಟವಲ್ ಹಾಸಿ ಒಂದು ನಿದ್ದೆ ತೆಗೆದ.

ವಾಪಸ್ ಹೊರಟಾಗ ನಾಲ್ಕು ಗಂಟೆ. ಗೇಟಿನ ಹತ್ತಿರ ನೀಲಕಂಠ ಒಂದು ಆಕಾಶಕ್ಕೆ ನೇರ ಏರಿ, ಅಲ್ಲಿಂದ ಮಗುಚುತ್ತಾ ಮಗುಚುತ್ತಾ ಕೆಳಗೆ ಬಂತು. ಹೆಣ್ಣನ್ನು ಒಲಿಸಲು ಗಂಡು ಮಾಡುವ ಆಟ. ರೆಕ್ಕೆ ಬಿಚ್ಚಿದಾಗ ಎರಡು ಬಗೆಯ ನೀಲಿ. ಅಪ್ಪ ಕಾರಿನೊಳಗಿನಿಂದಲೇ ಕೈ ಮುಗಿದ. ದಸರೆಯಲ್ಲಿ ಬನ್ನಿ ಮುಡಿಯುವ ದಿನ ಈ ಹಕ್ಕಿ ಕಂಡರೆ ಒಳ್ಳೆಯದು ಅಂತ ನಮ್ಮಲ್ಲಿ ನಂಬಿಕೆ. ಇದು ದಸರೆ ಅಲ್ಲ, ಯುಗಾದಿ ಅಂದೆ. ಕಂಡಾಗ ಮುಗಿಬೇಕು, ಅಂದ. ಕಾಕಾ ಬೀಡಿಕಟ್ಟು ವಾಪಸ್ ಕೊಟ್ಟರು. ಅಪ್ಪ ಊರು ಮುಟ್ಟುವ ತನಕ ಹಚ್ಚಲಿಲ್ಲ.

ಈ ವರ್ಷದ ಜನವರಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಅಪ್ಪನ ಫೋನ್ ಬಂತು. ಹಿಂದೆ ಡಬ್ಬಿಯ ಸದ್ದು ಕೇಳುತ್ತಿತ್ತು, ಅಣ್ಣನ ಮಗ ಬಡಿಯುತ್ತಿರಬೇಕು. ಸೀತನಿ ತಿನ್ನಲು ಯಾವಾಗ ಬರ್ತಿ ಅಂತ ಕೇಳಿದ. ಮುಂದಿನ ವಾರ ಅಂದೆ. ಆಮೇಲೆ ಸ್ವಲ್ಪ ತಡೆದು ಹೇಳಿದ,

"ಬಂದಾವ ನೋಡವ್ವಾ. ಬಣ್ಣ ಇನ್ನಾ ಬಿದ್ದಿಲ್ಲ, ಅಂಚು ಹಾಂಗೇ ಅದ. ಶಿವರಾತ್ರಿ ಕಡಿಗಿ ಸವೀತದ."